ಗಂಧರಾಜದ ಮೊಗ್ಗು ಉದುರದೆ ಅರಳಿದ್ದು ಹೇಗೆ: ನನ್ನ ಅನುಭವ

ಮೊದಲ ಸಲ ನನ್ನ ಗಂಧರಾಜದಲ್ಲಿ 17 ಮೊಗ್ಗು ಬಂದಿದ್ದವು. ದಿನಾ ಎಣಿಸುತ್ತಿದ್ದೆ, ಅದಕ್ಕೇ ಲೆಕ್ಕ ಇನ್ನೂ ನೆನಪಿದೆ. ಅರಳಿದ್ದು ಒಂದೇ ಒಂದು. ಉಳಿದವು ಕಡಲೆಕಾಯಿ ಬೀಜದಷ್ಟು ದಪ್ಪ ಆಗುವವರೆಗೆ ಚೆನ್ನಾಗಿಯೇ ಇದ್ದವು. ಆಮೇಲೆ ತೊಟ್ಟಿನ ಹತ್ತಿರ ಹಳದಿ ತಿರುಗಿದವು. ಬೆರಳು ತಾಗಿದರೆ ಸಾಕು, ಟಪ್ ಅಂತ ಕೈಗೇ ಬರುತ್ತಿದ್ದವು. ಗಿಡಕ್ಕೆ ಏನೋ ಕಾಯಿಲೆ ಅಂದುಕೊಂಡೆ. ಕಾಯಿಲೆ ಇದ್ದದ್ದು ನನ್ನ ಕೈಗೆ.

ಮೊದಲು ಒಂದು ಮಾತು. ಗಂಧರಾಜ ಅಂದುಕೊಂಡು ಎಷ್ಟೋ ಜನ ಸುತ್ತುದಳದ ನಂದಿಬಟ್ಟಲು ಸಾಕುತ್ತಿರುತ್ತಾರೆ. ಒಂದು ಎಲೆ ಕಿತ್ತು ನೋಡಿ. ಬಿಳಿ ಹಾಲು ಬಂದರೆ ಅದು ನಂದಿಬಟ್ಟಲು, ಅದನ್ನು ಸಾಕೋಕೆ ಇಷ್ಟೆಲ್ಲಾ ಪಾಡು ಬೇಕಿಲ್ಲ. ಗಂಧರಾಜದಲ್ಲಿ ಹಾಲು ಇರಲ್ಲ. ಇದು ಕಾಫಿ ಗಿಡದ ಕುಟುಂಬದ್ದು. ಎಲೆ ಕಡುಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಮೊಗ್ಗು ಮಡಿಸಿ ಸುತ್ತಿಟ್ಟ ಕೊಡೆಯ ಹಾಗೆ ತಿರುಚಿಕೊಂಡಿರುತ್ತದೆ.

ಈ ಗಿಡದಲ್ಲಿ ಮೊಗ್ಗು ಬರಿಸುವುದು ಕಷ್ಟ ಅಲ್ಲ. ಬಂದ ಮೊಗ್ಗನ್ನು ಉಳಿಸಿಕೊಳ್ಳುವುದೇ ಕಷ್ಟ. ನನ್ನ ಗಿಡದಲ್ಲಿ ಮೊಗ್ಗು ಕಣ್ಣಿಗೆ ಬಿದ್ದ ಮೇಲೆ ಅರಳುವುದಕ್ಕೆ ಆರೇಳು ವಾರ ಹಿಡಿಯುತ್ತದೆ. ಅಷ್ಟು ದಿನ ಸುಮ್ನೆ ಕೂರೋದು ನಮ್ಮಿಂದ ಆಗಲ್ಲ ಅಲ್ವಾ? ನಾನೂ ಕೂರಲಿಲ್ಲ. ಬೆಳಿಗ್ಗೆ ಬಿಸಿಲಿಗೆ ಎಳೆದೆ, ಮಧ್ಯಾಹ್ನ ನೆರಳಿಗೆ ತಂದೆ, ರಾತ್ರಿ ಹತ್ತಿರದಿಂದ ನೋಡಬೇಕು ಅಂತ ಒಳಗೆ ಇಟ್ಟುಕೊಂಡೆ. ಒಂದು ದಿನ ನೀರು ಮರೆತೆ, ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ಸುರಿದೆ. ಬೆಳಕು, ಗಾಳಿ, ತೇವ, ಬಿಸಿ ಇವು ಏಕಾಏಕಿ ಬದಲಾದರೆ ಗಂಧರಾಜ ಮೊದಲು ಕೈಬಿಡುವುದೇ ಮೊಗ್ಗನ್ನು. ಎಲೆ ಹಸಿರಾಗಿಯೇ ಇರುತ್ತದೆ. ಅದಕ್ಕೇ ತಪ್ಪು ಎಲ್ಲಿ ಅಂತ ಗೊತ್ತಾಗಲ್ಲ.

ಈಗ ಕುಂಡದ ಜಾಗ ಖಾಯಂ. ಬೆಳಗಿನ ನಾಲ್ಕೈದು ಗಂಟೆ ಎಳೆಬಿಸಿಲು, ಆಮೇಲೆ ನೆರಳು. ಕುಂಡದ ಅಂಚಿಗೆ ಬಣ್ಣದಲ್ಲಿ ಒಂದು ಗೆರೆ ಹಾಕಿದ್ದೇನೆ, ನೆಲದ ಮೇಲೂ ಒಂದು. ಗುಡಿಸುವಾಗ ಸರಿಸಿದರೂ ಎರಡು ಗೆರೆ ಕೂಡುವ ಹಾಗೆ ವಾಪಸ್ ಇಡುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ನೀರಿಗೆ ನಾನು ಗಡಿಯಾರ ನೋಡುವುದಿಲ್ಲ. ಬೆರಳನ್ನು ಒಂದೂವರೆ ಇಂಚು ಮಣ್ಣಿಗಿಳಿಸುತ್ತೇನೆ. ಮೇಲೆ ಒಣಗಿ ಒಳಗೆ ತಂಪಾಗಿದ್ದರೆ ಅದೇ ನೀರು ಹಾಕುವ ಹೊತ್ತು. ಹಾಕಿದರೆ ತಳದ ತೂತಿನಿಂದ ಹರಿಯುವಷ್ಟು ಹಾಕುತ್ತೇನೆ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಇದರ ಬೇರು ಮೇಲುಮೇಲೆಯೇ ಹರಡುತ್ತದೆ, ಬಿಸಿಲಿಗೆ ಬೇಗ ಕಾಯುತ್ತದೆ. ಹಾಗಾಗಿ ಮೇಲೆ ಎರಡು ಇಂಚು ಒಣ ಎಲೆಯ ಹೊದಿಕೆ, ಆದರೆ ಕಾಂಡಕ್ಕೆ ತಾಗದ ಹಾಗೆ. ಬೇಸಿಗೆಯಲ್ಲಿ ಇಡೀ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸುತ್ತೇನೆ. ಬಿಸಿಲು ಹೊರಗಿನ ಗೋಡೆಗೆ ಬೀಳುತ್ತದೆ, ಬೇರು ತಣ್ಣಗಿರುತ್ತದೆ.

ಎಲೆಗೆ ನೀರು ಚಿಮುಕಿಸಿದರೆ ತೇವ ಉಳಿಯುತ್ತದೆ ಅಂತ ಒಂದು ವರ್ಷ ದಿನಕ್ಕೆ ಮೂರು ಸಲ ಚಿಮುಕಿಸಿದೆ. ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ. ಅರಳಿದ ಹೂವಿನ ಮೇಲೆ ಬಿದ್ದರೆ ಕಂದು ಚುಕ್ಕೆ ಬೇರೆ. ಅದರ ಬದಲು ಅಕ್ಕಪಕ್ಕ ಇನ್ನೂ ನಾಲ್ಕು ಗಿಡ ಗುಂಪಾಗಿ ಇಟ್ಟಿದ್ದೇ ಹೆಚ್ಚು ಕೆಲಸಕ್ಕೆ ಬಂತು.

ಎರಡನೇ ವರ್ಷದ ಕಥೆ ಬೇರೆ. ಆಗ ಉದುರೋಕೆ ಮೊಗ್ಗೇ ಇರಲಿಲ್ಲ. ಹೂವಿನ ಕಾಲ ಮುಗಿದು ಎಷ್ಟೋ ತಿಂಗಳಾದ ಮೇಲೆ, ಗಿಡ ಉದ್ದುದ್ದ ಬೆಳೆದಿದೆ ಅಂತ ಕತ್ತರಿ ಹಿಡಿದು ಚೆಂದವಾಗಿ ದುಂಡಗೆ ಮಾಡಿದ್ದೆ. ಮೊಗ್ಗು ಬರುವುದು ಕುಡಿಯ ತುದಿಯಲ್ಲಿ. ಮುಂದಿನ ಹೂವನ್ನೆಲ್ಲಾ ನಾನೇ ಕತ್ತರಿಸಿ ಬುಟ್ಟಿಗೆ ಹಾಕಿದ್ದೆ! ಈಗ ಕೊನೆಯ ಹೂ ಬಾಡಿದ ಕೂಡಲೇ ಸವರುತ್ತೇನೆ. ಆಮೇಲೆ ಕತ್ತರಿ ಮುಟ್ಟಲ್ಲ.

ಅದೇ ವರ್ಷ ಎಲೆ ಹಳದಿಯಾಗೋಕೆ ಶುರುವಾಯಿತು. ಕೆಳಗಿನ ಹಳೇ ಎಲೆ ಒಂದೆರಡು ಹಳದಿಯಾಗಿ ಬಿದ್ದರೆ ಚಿಂತೆ ಇಲ್ಲ. ಇದು ಹಾಗಲ್ಲ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಬಲೆ ಬರೆದ ಹಾಗೆ ಕಾಣುತ್ತಿತ್ತು. ಗೊಬ್ಬರ ಸಾಲದು ಅಂತ ಇನ್ನೂ ಹಾಕಿದೆ, ಜಾಸ್ತಿ ಆಯಿತೇ ಹೊರತು ಕಡಿಮೆ ಆಗಲಿಲ್ಲ. ಕೊನೆಗೆ ಗುಟ್ಟು ಸಿಕ್ಕಿದ್ದು ಕುಂಡದ ಅಂಚಿನಲ್ಲಿ. ಅಲ್ಲಿ ಬಿಳಿ ಪುಡಿಯ ಪಟ್ಟಿ ಕಟ್ಟಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿಯೂ ಅಂಥದ್ದೇ. ನಲ್ಲಿಯ ಗಡಸು ನೀರಿನ ಸುಣ್ಣ.

ಗಂಧರಾಜಕ್ಕೆ ಹುಳಿ ಮಣ್ಣು ಬೇಕು. ರಸಸಾರ (ಪಿಎಚ್; 7ಕ್ಕಿಂತ ಕಡಿಮೆ ಇದ್ದರೆ ಹುಳಿ) 5ರಿಂದ 6ರ ಆಸುಪಾಸು ಇದ್ದರೆ ಖುಷಿಯಾಗಿರುತ್ತದೆ. ಗಡಸು ನೀರು ಹಾಕುತ್ತಾ ಹೋದರೆ ಮಣ್ಣು ನಿಧಾನವಾಗಿ 7 ದಾಟುತ್ತದೆ. ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಸುಣ್ಣದ ಮಣ್ಣಿಗೆ ಕಬ್ಬಿಣಕ್ಕೆ ಅಂತ ಕೊಡುವ ಮಾಮೂಲಿ ಫೆರಸ್ ಸಲ್ಫೇಟ್ ಹಾಕಿದರೂ ಬಹುಪಾಲು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಮಾಡಿದ್ದು ಇಷ್ಟು. ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಈ ಗಿಡಕ್ಕೆ ಅಂತಲೇ ಮೀಸಲಿಟ್ಟೆ. ಚಿಲೇಟೆಡ್ ಕಬ್ಬಿಣವನ್ನು, ಅಂದರೆ ಮಣ್ಣಲ್ಲಿ ಸಿಕ್ಕಿಹಾಕಿಕೊಳ್ಳದ ಹಾಗೆ ತಯಾರಿಸಿದ ಕಬ್ಬಿಣವನ್ನು, ಡಬ್ಬಿಯ ಮೇಲೆ ಬರೆದಿದ್ದ ಅಳತೆಯಲ್ಲೇ ಕೊಟ್ಟೆ. ಅದರಲ್ಲೂ ಇಡಿಡಿಎಚ್‌ಎ ಅನ್ನುವ ಬಗೆ ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಹಳದಿಯಾಗಿದ್ದ ಎಲೆ ಪೂರ್ತಿ ಹಸಿರಾಗಲಿಲ್ಲ. ಆದರೆ ಒಂದು ತಿಂಗಳಲ್ಲಿ ಬಂದ ಹೊಸ ಎಲೆ ಕಡುಹಸಿರಾಗಿತ್ತು. ನೋಡಬೇಕಾದ್ದು ಅದನ್ನೇ.

ಬಳಸಿದ ಕಾಫಿ ಚರಟವನ್ನೂ ಹಾಕಿ ನೋಡಿದ್ದೇನೆ. ಅದರಿಂದ ಮಣ್ಣು ಹುಳಿಯಾಗುತ್ತದೆ ಅನ್ನುವುದು ಬರೀ ನಂಬಿಕೆ. ಹುಳಿಯೆಲ್ಲಾ ಕುಡಿದವರ ಹೊಟ್ಟೆಗೆ ಹೋಗಿರುತ್ತದೆ, ಉಳಿದ ಚರಟದಲ್ಲಿ ಅಷ್ಟೇನೂ ಇರಲ್ಲ. ದಪ್ಪಗೆ ಹಾಕಿದರೆ ಮೇಲೆ ಹೆಪ್ಪುಗಟ್ಟಿ ನೀರೇ ಇಳಿಯುವುದಿಲ್ಲ.

ಮೊಗ್ಗು ಕಂಡ ಮೇಲೆ ಸಾರಜನಕ ಜಾಸ್ತಿ ಇರುವ ಗೊಬ್ಬರ ಕೊಡಲ್ಲ. ಕೊಟ್ಟರೆ ಗಿಡ ಎಲೆ ಬಿಡೋಕೆ ಓಡುತ್ತದೆ. ಎರೆಗೊಬ್ಬರ ಎರಡು ಹಿಡಿ, ಅದೂ ಸವರಿದ ಮೇಲೆ ಒಮ್ಮೆ, ಚಿಗುರುವಾಗ ಒಮ್ಮೆ. ಬೇರೆ ಕುಂಡಕ್ಕೆ ಹಾಕುವ ಕೆಲಸವೂ ಆಗಲೇ. ಬುಡ ಮೊದಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೂತರೆ ಕೊಳೆಯುತ್ತದೆ.

ರಾತ್ರಿಯ ತಂಪಿನ ವಿಷಯ ನನಗೆ ತಡವಾಗಿ ಅರ್ಥವಾಯಿತು. ರಾತ್ರಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮೊಗ್ಗು ಚೆನ್ನಾಗಿ ಕಟ್ಟುತ್ತದೆ. ರಾತ್ರಿಯೂ ಸೆಕೆ ಇದ್ದರೆ ಮೊಗ್ಗು ಕಡಿಮೆ, ಬಂದದ್ದೂ ಉದುರುತ್ತದೆ. ಹವಾಮಾನ ನಮ್ಮ ಕೈಲಿಲ್ಲ. ಆದರೆ ಹಗಲೆಲ್ಲಾ ಕಾದು ರಾತ್ರಿ ಬಿಸಿ ಬಿಡುವ ಸಿಮೆಂಟ್ ಗೋಡೆಯ ಪಕ್ಕದಿಂದ ಕುಂಡವನ್ನು ದೂರ ಇಡುವುದು ಕೈಲಿದೆ. ನನ್ನದು ಮೊದಲು ಅಂಥ ಗೋಡೆಗೆ ಒರಗಿಕೊಂಡೇ ಇತ್ತು. ಮೊಗ್ಗಿಲ್ಲದ ಕಾಲ ನೋಡಿ ಜಾಗ ಬದಲಿಸಿದೆ.

ಇಷ್ಟಾದರೂ ಒಂದು ವರ್ಷ ಮೊಗ್ಗು ಬಿಳಿಯಾಗುವವರೆಗೆ ಬಂದು, ಅಂಚು ಕಂದಾಗಿ, ಅರ್ಧ ಬಿಚ್ಚಿ ನಿಂತುಬಿಟ್ಟವು. ಒಂದು ಮೊಗ್ಗಿನ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ಬೆರಳಿಂದ ತಟ್ಟಿದೆ. ಕಾಗದದ ಮೇಲೆ ಸಣ್ಣ ಗೆರೆಯಂಥ ಕಂದು ಹುಳುಗಳು ಹರಿದಾಡಿದವು. ಥ್ರಿಪ್ಸ್. ಸುತ್ತಿದ ದಳಗಳ ಒಳಗೆ ಕೂತು ರಸ ಹೀರುತ್ತವೆ, ಹೊರಗೆ ಎಷ್ಟು ಸಿಂಪಡಿಸಿದರೂ ಅವಕ್ಕೆ ತಾಗಲ್ಲ. ಕೆಟ್ಟ ಮೊಗ್ಗನ್ನೆಲ್ಲಾ ಕಿತ್ತು ದೂರ ಎಸೆದೆ. ಈಗ ಮೊಗ್ಗು ಹಸಿರಾಗಿ ಗಟ್ಟಿ ಇರುವಾಗಲೇ, ಸಂಜೆ ಹೊತ್ತು, ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸುತ್ತೇನೆ. ಹಿಟ್ಟು ತಿಗಣೆ ಮತ್ತು ಬಿಳಿ ನೊಣಕ್ಕೂ ಅದೇ. ಎಲೆ ಮೇಲೆ ಮಸಿ ಬಳಿದ ಹಾಗೆ ಕಪ್ಪು ಕಂಡರೆ ಈ ಎರಡರಲ್ಲಿ ಒಂದೋ, ಇಂಥದ್ದೇ ರಸ ಹೀರುವ ಬೇರೆ ಹುಳುವೋ ಗಿಡದಲ್ಲಿ ಇದೆ ಅಂತಲೇ ತಿಳಿಯಿರಿ.

ಮೊಗ್ಗು ಬಿಚ್ಚುವ ಹಿಂದಿನ ದಿನ ಹಸಿರು ಪಟ್ಟಿಗಳ ನಡುವೆ ಬಿಳಿ ಅಗಲವಾಗುತ್ತದೆ. ಸುತ್ತು ಸಡಿಲವಾಗುತ್ತದೆ. ಆಗ ಬೆರಳಿಂದ ಬಿಡಿಸಿ ಸಹಾಯ ಮಾಡೋಣ ಅನ್ನಿಸುತ್ತದೆ. ನಾನೂ ಒಮ್ಮೆ ಮಾಡಿದ್ದೆ. ಮಾರನೇ ಬೆಳಿಗ್ಗೆ ದಳದ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಂದಾಗಿ ಕೂತಿತ್ತು. ಇನ್ನು, ಅರಳಿದ ಹೂ ಎರಡು ಮೂರು ದಿನದಲ್ಲಿ ಬಿಳಿಯಿಂದ ಬೆಣ್ಣೆ ಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗುತ್ತದೆ. ಅದು ರೋಗವಲ್ಲ, ಅದರ ವಯಸ್ಸು.

ಈ ಸಲ 23 ಮೊಗ್ಗು ಬಂದವು, 19 ಅರಳಿದವು. ಹೋದ ನಾಲ್ಕರಲ್ಲಿ ಎರಡು ಯಾಕೆ ಉದುರಿದವೋ ಗೊತ್ತಿಲ್ಲ. ಇನ್ನೆರಡು, ನಾನು ಬಗ್ಗಿ ಎಣಿಸುವಾಗ ಅಂಗಿಯ ತೋಳಿಗೆ ಸಿಕ್ಕಿ ಬಿದ್ದವು.