ಸ್ಲೋ ಕುಕರ್‌ನಲ್ಲಿ ಕೋಕ್ ಓ ವ್ಯಾಂ: ಕೆಂಪು ವೈನಿನಲ್ಲಿ ಬೆಂದ ಫ್ರಾನ್ಸಿನ ಕೋಳಿ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದೊಂದಿಗೆ ಹೆಚ್ಚಾಗಿ ಗುರುತಿಸಲಾಗುವ ಕೋಕ್ ಓ ವ್ಯಾಂ, ವಯಸ್ಸಾದ ಹುಂಜದ ಗಟ್ಟಿ ಮಾಂಸವನ್ನು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಮೆತ್ತಗಾಗಿಸುವ ಹಳ್ಳಿಯ ಅಡುಗೆ. ಅಲ್ಸಾಸ್ ಪ್ರಾಂತ್ಯದವರು ಇದನ್ನೇ ರೀಸ್ಲಿಂಗ್ ಎಂಬ ಬಿಳಿ ವೈನ್ ಮತ್ತು ಕೆನೆ ಸೇರಿಸಿ ಮಾಡಿದರೆ, ಜುರಾ ಪ್ರಾಂತ್ಯದವರು ತಮ್ಮ ಹಳದಿ ವೈನ್ ಮತ್ತು ಮೊರೆಲ್ ಅಣಬೆ ಬಳಸುತ್ತಾರೆ. ಇಲ್ಲಿ ಹೇಳುತ್ತಿರುವುದು ಕೆಂಪು ವೈನಿನ ಕ್ರಮ.

ಸಣ್ಣ ಬಿಸಿಯಲ್ಲಿ ದೀರ್ಘಕಾಲ ಬೇಯಿಸುವ ಸ್ಲೋ ಕುಕರ್ ಈ ಅಡುಗೆಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಅದರ ಮುಚ್ಚಳದೊಳಗೆ ಎದ್ದ ಆವಿ ಬಹುಪಾಲು ಅಲ್ಲೇ ತಣಿದು ಮರಳಿ ಪಾತ್ರೆಗೆ ಇಳಿಯುವುದರಿಂದ ವೈನ್ ಬತ್ತುವುದಿಲ್ಲ, ಮಾಂಸ ಕೆಂಪಗೆ ಹುರಿಯುವುದಿಲ್ಲ, ಜೊತೆಗೆ ಕೋಳಿ ಬಿಟ್ಟ ನೀರೂ ಸೇರಿ ಸಾಸ್ ತೆಳ್ಳಗಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಸ್ವಿಚ್ ಹಾಕಿದರೆ ಸಿಗುವುದು ಹಸಿ ವೈನಿನ ವಾಸನೆಯ, ಬೂದು ನೇರಳೆ ಬಣ್ಣದ ಸಪ್ಪೆ ಕೋಳಿ. ಆದ್ದರಿಂದ ಹುರಿಯುವ ಮತ್ತು ಬತ್ತಿಸುವ ಕೆಲಸ ಒಲೆಯ ಮೇಲೆಯೇ ಆಗಬೇಕು. ನಡುವಿನ ಬೇಯಿಸುವಿಕೆಯನ್ನಷ್ಟೇ ಕುಕರ್‌ಗೆ ಬಿಡಬೇಕು.

ಐದಾರು ಜನರಿಗೆ ಮೂಳೆಸಹಿತವಾದ ತೊಡೆ ಮತ್ತು ಕಾಲಿನ ತುಂಡುಗಳು ಸುಮಾರು 1.4 ಕಿಲೋ ಬೇಕು. ಎದೆಯ ಭಾಗ ಇಷ್ಟು ಹೊತ್ತು ಬೆಂದರೆ ಒಣಗಿ ನಾರಾಗುತ್ತದೆ; ತೊಡೆಯಲ್ಲಿರುವ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗಿ ಸಾಸಿಗೆ ಮೈ ಕೊಡುತ್ತದೆ. ನಮ್ಮ ಅಂಗಡಿಗಳಲ್ಲಿ ಕೋಳಿಯನ್ನು ಚರ್ಮ ಸುಲಿದು ಕೊಡುವುದೇ ಹೆಚ್ಚು. ಚರ್ಮ ಬಿಡುವಂತೆ ಮೊದಲೇ ಹೇಳಬೇಕು, ಏಕೆಂದರೆ ಹುರಿದಾಗ ಬರುವ ರುಚಿಯ ದೊಡ್ಡ ಪಾಲು ಅದರದ್ದೇ. ಚೆನ್ನಾಗಿ ಬಲಿತ ನಾಟಿ ಹುಂಜ ಸಿಕ್ಕರೆ ಅದಕ್ಕಿಂತ ಮೂಲಕ್ಕೆ ಹತ್ತಿರವಾದದ್ದು ಬೇರೊಂದಿಲ್ಲ.

ವೈನಿನ ಆಯ್ಕೆಯಲ್ಲಿ ರಾಜಿ ಬೇಡ. ಬರ್ಗಂಡಿಯಲ್ಲಿ ಬಳಸುವುದು ಪಿನೋ ನ್ವಾರ್ ದ್ರಾಕ್ಷಿಯ, ಸಿಹಿಯಿಲ್ಲದ ವೈನ್. ಅದು ದುಬಾರಿಯೆನಿಸಿದರೆ ನಂದಿ ಬೆಟ್ಟದ ಸುತ್ತಲಿನ ಅಥವಾ ನಾಸಿಕದ ಸಾಧಾರಣ ಬೆಲೆಯ ಶಿರಾಜ್ ಸಾಕು. ಬತ್ತಿಸಿದಾಗ ವೈನಿನ ಸಿಹಿ, ಹುಳಿ, ಒಗರು ಎಲ್ಲವೂ ಗಾಢವಾಗುವುದರಿಂದ, ಪೋರ್ಟ್ ವೈನ್ ಎಂದು ಮಾರುವ ಸಿಹಿ ವೈನನ್ನು ಹಾಗೂ ತೀರ ಒಗರಾದದ್ದನ್ನು ಖಂಡಿತ ಬಳಸಬಾರದು. ಉಳಿದಂತೆ 150 ಗ್ರಾಂ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸ), ಸುಮಾರು 20 ಸಾಂಬಾರ್ ಈರುಳ್ಳಿ, 250 ಗ್ರಾಂ ಬಟನ್ ಅಣಬೆ, ಎರಡು ಕ್ಯಾರೆಟ್, ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಬೆಣ್ಣೆ, ಮೈದಾ ಮತ್ತು ಒಂದು ಲೋಟದಷ್ಟು ಉಪ್ಪಿಲ್ಲದ ಕೋಳಿ ಸ್ಟಾಕ್ (ಕೋಳಿ ಮೂಳೆ ಬೇಯಿಸಿ ಸೋಸಿದ ರಸ) ಬೇಕು. ಪರಿಮಳಕ್ಕೆ ಥೈಮ್, ಪಾರ್ಸ್ಲಿಯ ಕಾಂಡ ಮತ್ತು ಬೇ ಎಲೆಯನ್ನು ದಾರದಿಂದ ಕಟ್ಟಿ ಹಾಕುತ್ತಾರೆ. ನಮ್ಮ ಪಲಾವ್ ಎಲೆ ಬೇರೆಯೇ ಜಾತಿಯ ಮರದ್ದು, ಅದಕ್ಕೆ ದಾಲ್ಚಿನ್ನಿಯ ಘಮವಿದೆ. ಫ್ರಾನ್ಸಿನ ಎಲೆ ಸಿಗದಿದ್ದರೆ ಇದನ್ನು ಹಾಕುವುದಕ್ಕಿಂತ ಬಿಡುವುದೇ ಮೇಲು.

ಮೊದಲು 750 ಮಿಲಿಲೀಟರಿನ ಒಂದು ಬಾಟಲಿ ವೈನನ್ನು ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಗುವವರೆಗೆ ಬತ್ತಿಸಿ. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಆ ಪಾತ್ರೆ ಸಲ್ಲದು. ಆವಿಯಲ್ಲಿ ಆಲ್ಕೋಹಾಲ್ ಇರುತ್ತದೆ, ಕಿಟಕಿ ತೆರೆದಿರಲಿ. ಇನ್ನೊಂದು ಒಲೆಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ ಬೇಕನ್ ಚೂರುಗಳನ್ನು ಸಣ್ಣ ಉರಿಯಲ್ಲಿ ಹುರಿದು ತೆಗೆದಿಟ್ಟುಕೊಳ್ಳಿ. ಉಳಿದ ಕೊಬ್ಬಿನಲ್ಲಿ, ಬಟ್ಟೆಯಿಂದ ಒರೆಸಿ ಕಾಳುಮೆಣಸಿನ ಪುಡಿ ಮತ್ತು ತುಸು ಉಪ್ಪು ಸವರಿದ ಕೋಳಿಯನ್ನು ಒತ್ತೊತ್ತಾಗಿ ತುಂಬದೆ, ಎರಡು ಮೂರು ಸಲಕ್ಕೆ ಹಂಚಿ, ಚರ್ಮ ಗಾಢ ಹೊಂಬಣ್ಣಕ್ಕೆ ತಿರುಗುವ ತನಕ ಹುರಿಯಬೇಕು. ಇಲ್ಲಿ ಅವಸರ ಮಾಡಿದರೆ ಆ ಕೊರತೆಯನ್ನು ಮುಂದಿನ ಆರು ಗಂಟೆಗಳೂ ತುಂಬಿಕೊಡಲಾರವು. ಕೋಳಿ ತೆಗೆದ ಬಾಣಲೆಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಹಾಕಿ ಬಾಡಿಸಿ, ಟೊಮೆಟೊ ಪೇಸ್ಟನ್ನು ಇಟ್ಟಿಗೆ ಬಣ್ಣ ಬರುವಂತೆ ಹುರಿದು, ಬತ್ತಿಸಿದ ವೈನ್ ಮತ್ತು ಸ್ಟಾಕ್ ಸುರಿಯಿರಿ. ತಳಕ್ಕೆ ಅಂಟಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಕರಗಿಸಿ.

ಕುಕರ್‌ನ ಪಿಂಗಾಣಿ ಪಾತ್ರೆ ತಣ್ಣಗಿರುವಾಗ ಕುದಿಯುವ ದ್ರವ ಬಿದ್ದರೆ ಬಿರುಕು ಬಿಡಬಹುದಾದ್ದರಿಂದ, ಅದನ್ನು ಮೊದಲು ಬಿಸಿ ನೀರಿನಿಂದ ಬೆಚ್ಚಗೆ ಮಾಡಿಕೊಳ್ಳಿ. ಕೋಳಿ, ಅರ್ಧದಷ್ಟು ಬೇಕನ್, ಸೊಪ್ಪಿನ ಕಟ್ಟು, ದ್ರವ ಎಲ್ಲವನ್ನೂ ಸೇರಿಸಿ ಮುಚ್ಚಿ. ದ್ರವ ಕೋಳಿಯ ಮುಕ್ಕಾಲು ಎತ್ತರಕ್ಕೆ ಬಂದರೆ ಸಾಕು. ಫಾರಂ ಕೋಳಿಗೆ ಲೋ ಹಂತದಲ್ಲಿ ಐದರಿಂದ ಆರು ಗಂಟೆ, ಬಲಿತ ಹುಂಜಕ್ಕೆ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಕೋಳಿಯ ಒಳಗಿನ ಬಿಸಿ ಕನಿಷ್ಠ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ತೊಡೆ ಮಾಂಸ ಮೆತ್ತಗಾಗುವುದು ಅದಕ್ಕಿಂತ ಮೇಲೆಯೇ. ಫ್ರೀಜರ್‌ನಿಂದ ತೆಗೆದ ಗಟ್ಟಿ ಕೋಳಿಯನ್ನು ನೇರವಾಗಿ ಹಾಕಬಾರದು, ಏಕೆಂದರೆ ಬ್ಯಾಕ್ಟೀರಿಯಾ ಬೆಳೆಯುವ ಬಿಸಿಯಲ್ಲಿ ಅದು ಬಹಳ ಹೊತ್ತು ಉಳಿಯುತ್ತದೆ. ಅದೇ ಕಾರಣಕ್ಕೆ, ಮಧ್ಯದಲ್ಲಿ ಕರೆಂಟ್ ಹೋದರೆ ಕಾಯುತ್ತ ಕೂರದೆ ಎಲ್ಲವನ್ನೂ ಬೇರೆ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಒಲೆಯಲ್ಲಿ ಮುಂದುವರಿಸಿ. ಮುಚ್ಚಳವನ್ನು ಪದೇ ಪದೇ ತೆರೆಯಬೇಡಿ.

ಅಣಬೆ ಮತ್ತು ಸಾಂಬಾರ್ ಈರುಳ್ಳಿಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಬೇರೆಯಾಗಿ ಸಿದ್ಧಪಡಿಸುವುದು ಮೇಲು. ಅಣಬೆಯನ್ನು ಬೆಣ್ಣೆಯಲ್ಲಿ ದೊಡ್ಡ ಉರಿಯಲ್ಲಿ ಅದರ ನೀರು ಆರುವಷ್ಟು ಹುರಿಯಿರಿ. ಈರುಳ್ಳಿಯನ್ನು ಬೆಣ್ಣೆ, ಚಿಟಿಕೆ ಸಕ್ಕರೆ ಮತ್ತು ಸ್ವಲ್ಪ ನೀರಿನಲ್ಲಿ ಬೇಯಿಸಿ, ನೀರಿಂಗಿ ಹೊಳಪು ಬರುವವರೆಗೆ ಹೊರಳಾಡಿಸಿ.

ಕೋಳಿ ಬೆಂದ ಮೇಲೆ ತುಂಡುಗಳನ್ನು ಎತ್ತಿಟ್ಟು, ದ್ರವವನ್ನು ಅಗಲ ಪಾತ್ರೆಗೆ ಸೋಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು ಕುದಿಸಿ. ಸಮತೂಕದ ಬೆಣ್ಣೆ ಮತ್ತು ಮೈದಾ, ತಲಾ 25 ಗ್ರಾಂ, ನುಣ್ಣಗೆ ಕಲಸಿ, ಚೂರುಚೂರಾಗಿ ಸೇರಿಸುತ್ತ ಕಲಕಿದರೆ ಗಂಟಾಗದೆ ಗಟ್ಟಿಯಾಗುತ್ತದೆ. ಸೌಟಿನ ಬೆನ್ನಿಗೆ ಸಾಸ್ ಅಂಟಿ ನಿಂತರೆ ಹದ ಬಂದಂತೆ. ಬೇಕನ್ ಉಪ್ಪಾಗಿರುವುದರಿಂದ ಉಪ್ಪನ್ನು ಈಗಷ್ಟೇ ನೋಡಿ ಹಾಕಬೇಕು. ಬಳಿಕ ಕೋಳಿ, ಅಣಬೆ, ಈರುಳ್ಳಿ ಮತ್ತು ಉಳಿದ ಬೇಕನ್ ಅನ್ನು ಇದರಲ್ಲಿ ಐದು ನಿಮಿಷ ಬಿಸಿ ಮಾಡಿ, ಬೇಯಿಸಿ ಹಿಸುಕಿದ ಆಲೂಗಡ್ಡೆಯೊಂದಿಗೆ ಅಥವಾ ಗಟ್ಟಿ ಹೊರಪದರದ ಬ್ರೆಡ್ಡಿನೊಂದಿಗೆ ಬಡಿಸಿ. ಇಷ್ಟು ಬೆಂದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ, ಅಲ್ಪ ಅಂಶ ಉಳಿಯುತ್ತದೆ. ಮದ್ಯ ವರ್ಜಿಸಿದವರಿಗೆ ಬಡಿಸುವ ಮುನ್ನ ಇದನ್ನು, ಜೊತೆಗೆ ಬೇಕನ್ ಹಂದಿಮಾಂಸವೆಂಬುದನ್ನೂ ತಿಳಿಸಬೇಕು.

ಇದರ ರುಚಿ ಮರುದಿನ ಹೆಚ್ಚುತ್ತದೆ. ಉಳಿಸುವುದಾದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಬಳಸಿ. ಮತ್ತೆ ಬಿಸಿ ಮಾಡುವಾಗ ಸ್ಲೋ ಕುಕರ್ ಬದಲು ಒಲೆಯ ಮೇಲೆ ಚೆನ್ನಾಗಿ ಕುದಿ ಬರಿಸಿ.