ಹನ್ನೊಂದನೇ ಸಿಗ್ನಲ್: ಹುದ್‌ಹುದ್ ಬಂದ ಭಾನುವಾರ

ನಮ್ಮ ದೇಶದ ಬಂದರುಗಳಲ್ಲಿ ಚಂಡಮಾರುತಕ್ಕೆ ಅಂತ ಹನ್ನೊಂದು ಸಿಗ್ನಲ್‌ಗಳಿವೆ. ಹತ್ತನೇದು ಸುದ್ದಿಯಲ್ಲಿ ಬರುತ್ತದೆ. ಭಾರೀ ಚಂಡಮಾರುತ ಈ ಬಂದರಿನ ಮೇಲೆಯೇ ಅಥವಾ ತೀರಾ ಪಕ್ಕದಲ್ಲೇ ದಾಟುತ್ತದೆ ಅಂತ ಅದರ ಅರ್ಥ. ಹತ್ತಕ್ಕಿಂತ ಕೆಟ್ಟದ್ದು ಇನ್ನೇನಿದೆ ಅಂತ ಕೇಳುವವರಿದ್ದಾರೆ. ಹನ್ನೊಂದರ ಅರ್ಥವೇ ಬೇರೆ. ಹವಾಮಾನ ಕೇಂದ್ರದ ಜೊತೆ ಸಂಪರ್ಕ ಕಡಿದಿದೆ, ಸ್ಥಳೀಯ ಅಧಿಕಾರಿಯ ಅಂದಾಜಿನಲ್ಲಿ ಹವೆ ಕೆಡಲಿದೆ, ಅಷ್ಟೇ.

2014ರ ಅಕ್ಟೋಬರ್ 12, ಭಾನುವಾರ, ವಿಶಾಖಪಟ್ಟಣದ ಬಂದರಿನಲ್ಲಿ ಹತ್ತು ಏರಿತ್ತು. ನಮ್ಮ ಮನೆಯೊಳಗೆ ಬೆಳಿಗ್ಗೆ ಹತ್ತು ಗಂಟೆಗೇ ಹನ್ನೊಂದು. ಕರೆಂಟಿಲ್ಲ, ನೆಟ್ ಇಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಇದ್ದದ್ದು ಗಾಳಿಯ ಒತ್ತಡ ಅಳೆಯುವ ಒಂದು ಹಳೇ ಬಾರೋಮೀಟರ್, ಒಂದು ದಿಕ್ಸೂಚಿ, ಪೆನ್ಸಿಲ್, ಮತ್ತೆ ಬಂಗಾಳಕೊಲ್ಲಿಯ ಒಂದು ಚಾರ್ಟು, ಅಂದರೆ ಹಡಗಿನವರ ಸಮುದ್ರ ನಕ್ಷೆ.

ನಾನು ಕುಂದಾಪುರದ ಕಡೆಯವನು. ಹಲವು ವರ್ಷ ಸರಕು ಹಡಗುಗಳಲ್ಲಿ ಆಫೀಸರ್ ಆಗಿದ್ದೆ. ಆಮೇಲೆ ವೈಜಾಗ್‌ನಲ್ಲಿ ನೆಲದ ಮೇಲಿನ ಕೆಲಸ ಸಿಕ್ಕಿತು. ಲಾಸನ್ಸ್ ಬೇ ಕಾಲನಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಹಡಗಿನಲ್ಲಿ ಚಂಡಮಾರುತದ ಜಾಡು ಹಿಡಿಯುವುದು ಅದರಿಂದ ದೂರ ಓಡಲಿಕ್ಕೆ. ಮನೆಯಲ್ಲಿ ಕೂತು ಹಿಡಿಯುವಾಗ ಲೆಕ್ಕ ಅದೇ, ಓಡುವುದೊಂದು ಇಲ್ಲ.

ಹುದ್‌ಹುದ್ ಅನ್ನುವ ಹೆಸರು ಕೊಟ್ಟದ್ದು ಒಮಾನ್. ನಮ್ಮ ಚಂದ್ರಮುಕುಟ ಹಕ್ಕಿಯ ಅರಬ್ಬಿ ಹೆಸರು ಅದು. ಅಕ್ಟೋಬರ್ 7ರಂದು ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತವಾಯಿತು. 8ರ ಬೆಳಿಗ್ಗೆ ಅದು ಚಂಡಮಾರುತವಾಗಿ ಅಂಡಮಾನ್ ದ್ವೀಪಗಳನ್ನು ದಾಟಿತು. ನನ್ನ ಮೊದಲ ಪೆನ್ಸಿಲ್ ಚುಕ್ಕಿ ಅಲ್ಲೇ, ಲಾಂಗ್ ಐಲೆಂಡ್ ಪಕ್ಕದಲ್ಲಿ. ಹವಾಮಾನ ಇಲಾಖೆಯ ಬುಲೆಟಿನ್ ಮೂರು ಗಂಟೆಗೊಮ್ಮೆ ಬರುತ್ತಿತ್ತು. ಅದರಲ್ಲಿರುವ ಅಕ್ಷಾಂಶ, ರೇಖಾಂಶ ಓದಿ ಚುಕ್ಕಿ ಇಡುವುದು, ಪಕ್ಕದಲ್ಲಿ ಗಂಟೆ ಬರೆಯುವುದು, ಹಿಂದಿನ ಚುಕ್ಕಿಗೆ ಗೆರೆ ಎಳೆಯುವುದು. ಮೊಬೈಲಿನಲ್ಲಿ ಬಣ್ಣದ ನಕ್ಷೆ ಬರುವಾಗ ಇದೆಲ್ಲ ಯಾಕೆ ಅಂತ ಹೆಂಡತಿ ಕೇಳಿದಳು. ಕೈಯಲ್ಲಿ ಚುಕ್ಕಿ ಇಟ್ಟರೆ ಚಂಡಮಾರುತದ ನಡಿಗೆ ತಿಳಿಯುತ್ತದೆ. ಎರಡು ಚುಕ್ಕಿಗಳ ನಡುವಿನ ಅಂತರ ಕಮ್ಮಿಯಾದರೆ ಅದು ನಿಧಾನಿಸಿದೆ. ನಿಧಾನಿಸಿದ್ದು ತಿರುಗಲೂಬಹುದು. ಬಣ್ಣದ ನಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಮುಂದಿನ ದಾರಿಗೆ ನಾವು ಹಡಗಿನವರು 1-2-3 ಅನ್ನುವ ಒಂದು ನಿಯಮ ಬಳಸುತ್ತೇವೆ. ನಾಳೆ ಇಲ್ಲಿರುತ್ತದೆ ಅಂತ ಹೇಳಿದ ಜಾಗದ ಸುತ್ತ 100 ನಾಟಿಕಲ್ ಮೈಲಿ ತಪ್ಪಿರಬಹುದು ಅಂತ ಇಟ್ಟುಕೊಳ್ಳಬೇಕು. ನಾಡಿದ್ದಕ್ಕೆ 200, ಆಚೆನಾಡಿದ್ದಿಗೆ 300. ಅದರ ಮೇಲೆ ಜೋರು ಗಾಳಿ ಎಷ್ಟು ದೂರ ಹಬ್ಬಿದೆಯೋ ಅದನ್ನೂ ಸೇರಿಸಬೇಕು. ಹಾಗೆ ವೃತ್ತ ಎಳೆದಾಗ 9ನೇ ತಾರೀಖಿಗೆ ಉತ್ತರ ಆಂಧ್ರದಿಂದ ಒಡಿಶಾದವರೆಗೆ ಎಲ್ಲವೂ ವೃತ್ತದೊಳಗೇ ಇತ್ತು. ಹಿಂದಿನ ವರ್ಷ ಫೈಲಿನ್ ಚಂಡಮಾರುತ ಒಡಿಶಾದ ಗೋಪಾಲಪುರದಲ್ಲಿ ದಾಟಿದ್ದೂ ಅಕ್ಟೋಬರ್ 12ಕ್ಕೇ. ಆಗ ವೈಜಾಗ್‌ಗೆ ಏನೂ ಆಗಿರಲಿಲ್ಲ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸಲವೂ ಅದು ಒಡಿಶಾಕ್ಕೇ ಹೋಗುತ್ತದೆ ಅನ್ನುವ ಧೈರ್ಯ ಜಾಸ್ತಿ ಇತ್ತು. ನನ್ನ ಚಾರ್ಟಿನಲ್ಲಿ ಚುಕ್ಕಿಗಳು ಸುಮ್ನೆ ನಮ್ಮ ಕಡೆಗೇ ಬರುತ್ತಿದ್ದವು. ಇಲಾಖೆಯೂ 12ರ ಹೊತ್ತಿಗೆ ವಿಶಾಖಪಟ್ಟಣದ ಸುತ್ತಮುತ್ತ ಅಂತ ಹೇಳಿ, ಆಮೇಲೆ ಆ ಮಾತು ಬದಲಿಸಲಿಲ್ಲ.

ಗಾಳಿಯ ವೇಗದ ಬಗ್ಗೆ ಒಂದು ಮಾತು, ಯಾಕೆಂದರೆ ಪ್ರತಿ ಸಲ ಇದೇ ಗೊಂದಲ. ನಮ್ಮ ಇಲಾಖೆ ಗಂಟೆಗೆ 170–180 ಕಿಮೀ ಅನ್ನುತ್ತಿದ್ದಾಗ ಅಮೆರಿಕದ ನೌಕಾಪಡೆಯ ಕೇಂದ್ರ 200ಕ್ಕೂ ಮೇಲೆ ಹೇಳುತ್ತಿತ್ತು. ಇಲ್ಲಿಯವರು ಮುಚ್ಚಿಡುತ್ತಿದ್ದಾರೆ ಅಂತ ವಾಟ್ಸಾಪಿನಲ್ಲಿ ಗಲಾಟೆ. ಯಾರೂ ಏನೂ ಮುಚ್ಚಿಡುತ್ತಿರಲಿಲ್ಲ. ನಮ್ಮವರು ಮೂರು ನಿಮಿಷದ ಸರಾಸರಿ ತೆಗೆಯುತ್ತಾರೆ, ಅವರು ಒಂದು ನಿಮಿಷದ್ದು. ಸಮಯ ಚಿಕ್ಕದಾದಷ್ಟೂ ಅಂಕಿ ದೊಡ್ಡದು ಬರುತ್ತದೆ. ಯಾವುದನ್ನು ನೋಡಿದರೂ ಸರಿ, ಕೊನೇತನಕ ಅದನ್ನೇ ನೋಡಬೇಕು. ಎರಡನ್ನೂ ಬೆರೆಸಿದರೆ ಚಂಡಮಾರುತ ಗಂಟೆಗೊಮ್ಮೆ ಬಲವಾಗಿ, ಗಂಟೆಗೊಮ್ಮೆ ಸೋತ ಹಾಗೆ ಕಾಣುತ್ತದೆ.

ಶನಿವಾರ ರಾತ್ರಿ ಅಮ್ಮ ಫೋನ್ ಮಾಡಿದರು. "ಊರಿಗ್ ಬಪ್ಪುಕಾತ್ತಿಲ್ಯಾ ಮಗಾ?" ಇಷ್ಟು ಹೊತ್ತಿಗೆ ಆಗುವುದಿಲ್ಲ ಅಮ್ಮ, ಮನೆ ಗಟ್ಟಿ ಇದೆ ಅಂದೆ. ಬಾರೋಮೀಟರ್ ಎಷ್ಟು ತೋರಿಸುತ್ತಿದೆ ಅಂತ ಅಪ್ಪಯ್ಯ ಹಿಂದಿನಿಂದ ಕೇಳಿದ್ದು ಕೇಳಿಸಿತು. ಅವರು ಜೀವನದಲ್ಲಿ ದೋಣಿ ಹತ್ತಿದವರಲ್ಲ, ಮೇಷ್ಟ್ರಾಗಿದ್ದವರು. ಆದರೆ ನಾನು ಮೊದಲ ಹಡಗಿನಿಂದ ಬಂದಾಗ ಹೇಳಿಕೊಟ್ಟದ್ದನ್ನು ಮರೆತಿರಲಿಲ್ಲ.

ಅವರಿಗೆ ಹೇಳಿಕೊಟ್ಟದ್ದು ಇಷ್ಟು. ನಮ್ಮ ಕಡೆಯ ಸಮುದ್ರಗಳಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಾಲ್ಕರ ಸುಮಾರಿಗೆ ಕಮ್ಮಿ. ಇದು ಗಡಿಯಾರದ ಹಾಗೆ ನಡೆಯುತ್ತದೆ. ಆ ಹೊತ್ತಿಗೆ ಇರಬೇಕಾದ್ದಕ್ಕಿಂತ ಮೂರು ಮಿಲಿಬಾರ್ ಕಮ್ಮಿ ಇದ್ದರೆ ಅನುಮಾನ ಪಡಬೇಕು. ಐದು ಕಮ್ಮಿ ಇದ್ದರೆ ಅನುಮಾನ ಬೇಡ, ಹತ್ತಿರದಲ್ಲೇ ಇದೆ. ಮಹಡಿ ಮನೆಯಲ್ಲಿರುವವರು ಇನ್ನೊಂದು ನೆನಪಿಡಬೇಕು: ಸುಮಾರು ಎಂಟು ಮೀಟರ್ ಮೇಲೆ ಹೋದರೆ ಒಂದು ಮಿಲಿಬಾರ್ ತನ್ನಿಂದ ತಾನೇ ಕಮ್ಮಿಯಾಗುತ್ತದೆ. ಅದನ್ನು ಮೊದಲೇ ಸರಿಮಾಡಿ ಇಟ್ಟುಕೊಳ್ಳಬೇಕು.

ಶನಿವಾರ ರಾತ್ರಿ ಹತ್ತಕ್ಕೆ ಮುಳ್ಳು ಏರಬೇಕಿತ್ತು. ಏರಲಿಲ್ಲ. ನಾನು ಟೀವಿ ಆರಿಸಿದ್ದು ಆಗಲೇ.

ಬೆಳಿಗ್ಗೆ ಆರಕ್ಕೆ 990. ಎಂಟಕ್ಕೆ 983. ಫೋನಿನಲ್ಲಿ ಕೈಲಾಸಗಿರಿಯ ರೇಡಾರ್ ಚಿತ್ರ ಕೊನೆಯ ಸಲ ನೋಡಿದ್ದು ಅದೇ ಸುಮಾರಿಗೆ. ಸಮುದ್ರದ ಮೇಲೆ ಕಣ್ಣು, ಅಂದರೆ ಚಂಡಮಾರುತದ ನಟ್ಟ ನಡುವಿನ ಶಾಂತ ಜಾಗ, ದುಂಡಗೆ; ಸುತ್ತ ಕೆಂಪು ಗೋಡೆ. ಆಮೇಲೆ ನೆಟ್ ಹೋಯಿತು.

ಇಲ್ಲಿಂದ ಮುಂದಿನದ್ದು ಶುದ್ಧ ಹಳೇ ಕಾಲದ ವಿದ್ಯೆ. ನಮ್ಮ ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಎಡಸುತ್ತು ಸುತ್ತುತ್ತದೆ. ಗಾಳಿಗೆ ಮುಖ ಕೊಟ್ಟು ನಿಂತು ಬಲಗೈಯನ್ನು ಪಕ್ಕಕ್ಕೆ ಚಾಚಿ, ಸ್ವಲ್ಪ ಹಿಂದಕ್ಕೆ ಸರಿಸಿ. ಕೈ ಎತ್ತ ತೋರಿಸುತ್ತದೋ ಅತ್ತ ಕೇಂದ್ರ. ಹೊರಗೆ ನಿಲ್ಲುವ ಪರಿಸ್ಥಿತಿ ಇರಲಿಲ್ಲ. ನಾನು ಕಿಟಕಿಯ ಸಂದಿಯಿಂದ ಎದುರು ಮನೆಯ ತೆಂಗಿನ ಮರ ಬಾಗಿದ ದಿಕ್ಕು ನೋಡಿ ದಿಕ್ಸೂಚಿ ಹಿಡಿಯುತ್ತಿದ್ದೆ. ಗಾಳಿ ಉತ್ತರ–ಈಶಾನ್ಯದಿಂದ. ಅಂದರೆ ಕೇಂದ್ರ ಆಗ್ನೇಯದಲ್ಲಿ, ಸಮುದ್ರದ ಮೇಲೆ.

ಇನ್ನು ನೋಡಬೇಕಾದ್ದು ಗಾಳಿ ತಿರುಗುತ್ತದೋ ಇಲ್ಲವೋ ಅಂತ. ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾ ಹೋದರೆ ನಾವು ಚಂಡಮಾರುತದ ದಾರಿಯ ಬಲಗಡೆ ಇದ್ದೇವೆ. ಅದೇ ಹೆಚ್ಚು ಅಪಾಯದ ಪಕ್ಕ, ಚಂಡಮಾರುತದ ಸ್ವಂತ ವೇಗವೂ ಗಾಳಿಗೆ ಸೇರುತ್ತದೆ. ಉಲ್ಟಾ ತಿರುಗಿದರೆ ಎಡಗಡೆ. ದಿಕ್ಕು ಬದಲಾಗದೆ ಒತ್ತಡ ಮಾತ್ರ ಬೀಳುತ್ತಾ ಇದ್ದರೆ ನಾವು ನಟ್ಟ ನಡುವೆ, ಅದರ ದಾರಿಯಲ್ಲೇ ಇದ್ದೇವೆ. ಒಂಬತ್ತಕ್ಕೆ ನೋಡಿದೆ, ಉತ್ತರ–ಈಶಾನ್ಯ. ಹತ್ತಕ್ಕೆ ನೋಡಿದೆ, ಅದೇ. ಒತ್ತಡ 972. ಹನ್ನೊಂದಕ್ಕೂ ಅದೇ ದಿಕ್ಕು, 962. ಹಡಗಿನ ಪುಸ್ತಕದಲ್ಲಿ ಪರೀಕ್ಷೆಗೆ ಓದಿದ ಸಾಲು ನನ್ನ ಅಡುಗೆಮನೆಯ ಮೇಜಿನ ಮೇಲೆ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ಭಯಕ್ಕಿಂತ ಖುಷಿ ಜಾಸ್ತಿ ಆಯಿತು. ಹೆಂಡತಿಯ ಮುಖ ನೋಡಿ ನಾಚಿಕೆಯೂ ಆಯಿತು.

ಆ ಹೊತ್ತಿನಲ್ಲಿ ಬಾರೋಮೀಟರಿನ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ದೊಡ್ಡ ಬೀಸು ಬಂದಾಗಲೆಲ್ಲ ಅರ್ಧ ಮಿಲಿಬಾರ್ ಕೆಳಗೆ ಹಾರಿ ಮತ್ತೆ ಮೇಲೆ ಬರುತ್ತಿತ್ತು, ಉಸಿರಾಡಿದ ಹಾಗೆ. ಗೋಡೆಗೆ ಕೈ ಇಟ್ಟರೆ ಅದೇ ತಾಳದಲ್ಲಿ ನಡುಕ. ಮುಚ್ಚಿದ ಕಿಟಕಿಯ ಕೆಳಗಿನ ಸಂದಿಯಿಂದ ನೀರು ಮೇಲ್ಮುಖವಾಗಿ ಚಿಮ್ಮುತ್ತಿತ್ತು. ಮಗಳು ಬೆರಳು ಅದ್ದಿ ನೆಕ್ಕಿ, "ಉಪ್ಪು" ಅಂದಳು. ಟೆರೇಸಿನ ಮೇಲಿನ ನೀರಿನ ಟ್ಯಾಂಕು ಉರುಳಿಕೊಂಡು ಹೋದ ಸದ್ದು ಕೇಳಿಸಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲಿಲ್ಲ.

ನನ್ನ ದೊಡ್ಡ ತಪ್ಪು ಇನ್ನು ಬರುತ್ತದೆ.

ಹಿಂದಿನ ದಿನ ಈಶಾನ್ಯದ ಕಡೆಯ ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದ್ದೆ. ಕೆಳಗಿನ ಮಹಡಿಯ ಮನೆ ಓನರು ಮತ್ತು ಅವರ ಹೆಂಡತಿ ವಯಸ್ಸಾದವರು. ಅವರನ್ನು ನಾನೇ ಹೋಗಿ, "ಬಾಬಾಯ್, ಹಿಂದಿನ ರೂಮಿನಲ್ಲಿ ಕೂತುಕೊಳ್ಳಿ, ಅಲ್ಲಿ ಗಾಳಿ ಹೊಡೆಯಲ್ಲ" ಅಂತ ಕೂರಿಸಿ ಬಂದಿದ್ದೆ. ಹಿಂದಿನ ರೂಮು ನೈಋತ್ಯದ ಕಡೆಗಿತ್ತು. ಪೂರಾ ಗಾಜಿನ ಜಾರುಬಾಗಿಲು. ಕಣ್ಣು ನಮ್ಮ ಮೇಲೇ ಬರುತ್ತದೆ ಅಂತ ಚಾರ್ಟು ಮೂರು ದಿನದಿಂದ ಹೇಳುತ್ತಿತ್ತು. ಕಣ್ಣು ದಾಟಿದ ಮೇಲೆ ಗಾಳಿ ನೇರ ಉಲ್ಟಾ ದಿಕ್ಕಿನಿಂದ ಬರುತ್ತದೆ ಅಂತ ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಹಡಗು ಗಾಳಿಗೆ ತಕ್ಕ ಹಾಗೆ ತಿರುಗುತ್ತದೆ, ನಾವೇ ತಿರುಗಿಸುತ್ತೇವೆ. ಮನೆ ತಿರುಗುವುದಿಲ್ಲ ಅಲ್ವಾ? ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲ.

ಹನ್ನೆರಡು ದಾಟುತ್ತಿದ್ದ ಹಾಗೆ ಸದ್ದು ಇಳಿಯಿತು. ಒಮ್ಮೆಲೇ ಅಲ್ಲ, ಐದಾರು ನಿಮಿಷದಲ್ಲಿ. ಮುಳ್ಳು 951ರ ಹತ್ತಿರ ಬಂದು ನಿಂತಿತು. ಮಳೆ ಹನಿಯಾಯಿತು, ಮೋಡ ತೆಳ್ಳಗಾಗಿ ಹಾಲಿನಂಥ ಬೆಳಕು ಬಂತು. ಕಿವಿಯಲ್ಲಿ ಮಾತ್ರ ಗುಂಯ್ ಅನ್ನುವುದು ನಿಂತಿರಲಿಲ್ಲ. ರಸ್ತೆಯಲ್ಲಿ ಬಾಗಿಲುಗಳು ತೆರೆದವು. ಒಬ್ಬ ಬೈಕು ಎತ್ತಿ ನಿಲ್ಲಿಸುತ್ತಿದ್ದ, ಇಬ್ಬರು ಫೋನ್ ಹಿಡಿದು ಬೀಚ್ ಕಡೆಗೇ ಹೊರಟಿದ್ದರು. ಓನರು ಮೆಟ್ಟಿಲ ಮೇಲೆ ನಗುತ್ತಾ ನಿಂತು, "ಅಯಿಪೋಯಿಂದಿ ಬಾಬು" ಅಂದರು. ಮುಗಿದು ಹೋಯಿತಪ್ಪ ಅಂತ.

ಮುಗಿದಿಲ್ಲ, ಇದು ಕಣ್ಣು ಅಂತ ನಾನು ಕಿರುಚಿದೆ. ಬಾಲ್ಕನಿಯಿಂದ ರಸ್ತೆಗೂ ಕಿರುಚಿದೆ, ಬರುವ ಹರಕುಮುರುಕು ತೆಲುಗಿನಲ್ಲಿ. ಬೈಕಿನವನು ಒಳಗೆ ಓಡಿದ. ಬೀಚ್ ಕಡೆಯವರು ಕೇಳಿಸಿಕೊಂಡರೋ ಇಲ್ಲವೋ. ಆಮೇಲೆ ಓನರ ಹೆಂಡತಿಯ ಕೈ ಹಿಡಿದು ಹಿಂದಿನ ರೂಮಿನಿಂದ ನಡುಮನೆಗೆ ಕರೆದುಕೊಂಡು ಬಂದೆ. ಅವರ ಕಾಲು ನೋವು, ಪ್ರತಿ ಹೆಜ್ಜೆಗೂ ನಿಲ್ಲುತ್ತಿದ್ದರು. ಹಾಸಿಗೆ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದೆವು. ಅಷ್ಟೊತ್ತಿಗೆ ಮುಳ್ಳು ಏರಲು ಶುರುವಾಗಿತ್ತು. ಸಮುದ್ರದಲ್ಲಿ ಮುಳ್ಳು ಏರಿದರೆ ಸಮಾಧಾನ. ಆವತ್ತು ಅದು ಏರುವುದನ್ನು ನೋಡಿ ಹೊಟ್ಟೆ ತೊಳಸಿತು.

ಎರಡನೇ ಗಾಳಿ ಮೊದಲಿನದರ ಹಾಗೆ ಮೆಲ್ಲಗೆ ಬೆಳೆಯಲಿಲ್ಲ. ನೈಋತ್ಯದಿಂದ ಒಂದೇ ಏಟಿಗೆ ಬಂತು. ಹಿಂದಿನ ರೂಮಿನ ಗಾಜಿನ ಬಾಗಿಲು ಒಡೆದು ಒಳಗೆ ಬಿತ್ತು. ಕುರ್ಚಿಗಳು ಇದ್ದ ಜಾಗದ ತುಂಬಾ ಗಾಜು. ಅದರಲ್ಲಿ ಒಂದು ತುಂಡು ಎದುರು ಗೋಡೆಯ ಗಾರೆಗೆ ನೆಟ್ಟಿತ್ತು.

ಮೊದಲ ಗಾಳಿಗೆ ಒಂದು ಕಡೆ ಸಡಿಲವಾದ ಮರಗಳೆಲ್ಲ ಎರಡನೇ ಗಾಳಿಗೆ ಬುಡಸಮೇತ ಮಲಗಿದವು. ಸಂಜೆ ಕೆಳಗಿಳಿದಾಗ ರಸ್ತೆಯೇ ಕಾಣಿಸಲಿಲ್ಲ. ಮರುದಿನ ಬಿಸಿಲಿಗೆ ಕೈಲಾಸಗಿರಿ ನೋಡಿದರೆ ಬೆಂಕಿ ಬಿದ್ದ ಗುಡ್ಡದ ಹಾಗೆ ಕಂದು ಬಣ್ಣ, ಒಂದು ಹಸಿರು ಎಲೆ ಇಲ್ಲ. ವಿಮಾನ ನಿಲ್ದಾಣದ ಛಾವಣಿ ಹಾರಿತ್ತು, ಬೀಚ್ ರಸ್ತೆ ಕೆಲವು ಕಡೆ ಸಮುದ್ರದ ಪಾಲಾಗಿತ್ತು. ನೀರಿಗೆ, ಹಾಲಿಗೆ ಸಾಲು. ಆಂಧ್ರದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಬಲದ ಗಾಳಿ ದೊಡ್ಡ ಊರಿನ ಮೇಲೇ ಬಂದದ್ದಕ್ಕೆ ಈ ಲೆಕ್ಕ ಇನ್ನೂ ಎಷ್ಟೋ ಪಟ್ಟು ಇರುತ್ತಿತ್ತು. ಮೊದಲೇ ಲಕ್ಷಾಂತರ ಜನರನ್ನು ಸಾಗಿಸಿದ್ದರಿಂದ ಉಳಿಯಿತು.

ಫೋನ್ ಸಿಕ್ಕಿದ್ದು ಬುಧವಾರ. ಅಮ್ಮ ಮೊದಲು ಅತ್ತರು, ಆಮೇಲೆ ಬೈದರು. ಅಪ್ಪಯ್ಯ ಕೇಳಿದ್ದು ಒಂದೇ: "ಎಷ್ಟಕ್ಕೆ ಇಳೀತು?" 951 ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಎಲ್ಲಿದೆ ಅದು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನೆಲಕ್ಕೆ ಬಂದ ಚಂಡಮಾರುತ ಹಡಗಿನವರಿಗೆ ಲೆಕ್ಕದಿಂದ ಹೊರಗೆ. ನನ್ನ ಕೊನೆಯ ಚುಕ್ಕಿ ವಿಶಾಖಪಟ್ಟಣದ ಮೇಲಿತ್ತು, ಭಾನುವಾರ ಮಧ್ಯಾಹ್ನದ್ದು. ಅದಕ್ಕೊಂದು ಸುತ್ತು ಹಾಕಿ ಪೆನ್ಸಿಲ್ ಇಟ್ಟುಬಿಟ್ಟಿದ್ದೆ.

ಸಂಜೆ ಸುದ್ದಿ ನೋಡಿದೆ. ಹುದ್‌ಹುದ್ ಸೊರಗುತ್ತಾ ಒಡಿಶಾ, ಛತ್ತೀಸಗಢ ದಾಟಿ ಉತ್ತರಪ್ರದೇಶದ ಕಡೆ ಹೋಗಿತ್ತು. ಗಾಳಿ ಸತ್ತಿತ್ತು, ಹೊತ್ತು ತಂದ ನೀರು ಸತ್ತಿರಲಿಲ್ಲ. ಮಂಗಳವಾರ, 14ನೇ ತಾರೀಖು, ಆ ನೀರು ನೇಪಾಳದ ಅನ್ನಪೂರ್ಣ ಬೆಟ್ಟಗಳಲ್ಲಿ ಹಿಮವಾಗಿ ಸುರಿಯಿತು. ಥೊರಾಂಗ್ ಲಾ ಕಣಿವೆಯ ದಾರಿಯಲ್ಲೂ ಸುತ್ತಮುತ್ತಲೂ ಇದ್ದ ಚಾರಣಿಗರು, ಅವರ ಜೊತೆಗಿದ್ದ ಮಾರ್ಗದರ್ಶಿಗಳು, ಯಾಕ್ ಮೇಯಿಸುವವರು, ಒಟ್ಟು 40ಕ್ಕೂ ಹೆಚ್ಚು ಜನ ಹಿಮಪಾತಕ್ಕೆ ಸಿಕ್ಕಿ ಸತ್ತರು. ನಮ್ಮ ಮನೆಯಿಂದ ಸಾವಿರ ಕಿಲೋಮೀಟರಿಗೂ ದೂರ.

ನನ್ನ ಚಾರ್ಟು ಸಮುದ್ರದ್ದು. ಕರಾವಳಿಯಿಂದ ಆಚೆ ಅದರಲ್ಲಿ ಬರೀ ಹಳದಿ ಬಣ್ಣ, ಊರಿಲ್ಲ, ನದಿಯಿಲ್ಲ, ಮೇಲಿನ ಅಂಚಿನಲ್ಲಿ ಕಾಗದವೇ ಮುಗಿಯುತ್ತದೆ. ಮಗಳ ಶಾಲೆಯ ಅಟ್ಲಾಸಿನಿಂದ ಉತ್ತರ ಭಾರತದ ಹಾಳೆ ತೆಗೆದು ಅಂಚಿಗೆ ಅಂಟಿಸಿದೆ. ಅಳತೆ ಹೊಂದಲಿಲ್ಲ, ಗೆರೆ ಅಂಟಿನ ಹತ್ತಿರ ಸ್ವಲ್ಪ ವಕ್ರವಾಗಿದೆ. ಹಳೇ ಬುಲೆಟಿನ್‌ಗಳನ್ನು ಹುಡುಕಿ, ಒಂದೊಂದೇ ಚುಕ್ಕಿ ಇಟ್ಟು, ಪಕ್ಕದಲ್ಲಿ ಗಂಟೆ ಬರೆದೆ.