ಒಮ್ಮೆ ಸ್ಟಾರ್ಟ್, ಒಮ್ಮೆ ಬರೀ ಟಕ್: ಹಳೇ ಕಾರಿನ ಸೆಲ್ಫ್ ತೊಂದ್ರೆ ಹಿಡಿಯೋದು ಹೇಗೆ?

ಬೆಳಿಗ್ಗೆ ಮನೆ ಮುಂದೆ ಒಂದೇ ಏಟಿಗೆ ಸ್ಟಾರ್ಟ್ ಆಗೋ ಗಾಡಿ, ಕುಣಿಗಲ್ ಹತ್ರ ತಿಂಡಿ ತಿಂದು ಬಂದು ಚಾವಿ ತಿರುಗಿಸಿದ್ರೆ ಟಕ್ ಅಂತ ಒಂದು ಸದ್ದು ಮಾಡಿ ಸುಮ್ನಾಗ್ತಿತ್ತು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ನಮ್ಮನೆ ಹಳೇ ಕಾರಿನ ಈ ಆಟಕ್ಕೆ ಹೊಸ ಬ್ಯಾಟರಿ ಹಾಕ್ಸಿ, ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟಾರ್) ಬಿಚ್ಚಿಸಿ, ಅದ್ರೊಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಬದಲಾಯಿಸಿ, ದುಡ್ಡು ಕಳ್ಕೊಂಡ ಮೇಲೆ ಬುದ್ಧಿ ಬಂತು: ಗಾಡಿ ಹಠ ಹಿಡಿದಿರೋ ಹೊತ್ತಲ್ಲೇ ಅಳತೆ ಮಾಡ್ಬೇಕು. ಗ್ಯಾರೇಜಿಗೆ ಹೋದಾಗ ಅದು ಸಾಧು ಆಗಿರತ್ತೆ, ಮೆಕ್ಯಾನಿಕ್ ಪಾಪ ಅಂದಾಜಿನ ಮೇಲೆ ಪಾರ್ಟ್ ಬದಲಾಯಿಸ್ತಾರೆ.

ಹಾಗಾಗಿ ಒಂದು ಡಿಜಿಟಲ್ ಮಲ್ಟಿಮೀಟರ್ ಗಾಡಿಯಲ್ಲೇ ಇಟ್ಕೊಳ್ಳಿ, ಡಿಸಿ 20 ವೋಲ್ಟಿಗೆ ಸೆಟ್ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳ್ದಿರಲಿ, ಚಾವಿ ತಿರುಗಿಸೋಕೆ ಒಬ್ಬರು ಒಳಗೆ ಕೂತಿರಲಿ, ದುಪಟ್ಟಾ ಪಂಚೆ ಎಲ್ಲ ಫ್ಯಾನ್ ಬೆಲ್ಟಿಂದ ದೂರ.

ಮೊದ್ಲು ಕಿವಿ ಕೊಡಿ. ಇಂಜಿನ್ ತಿರುಗ್ತಿದೆ ಆದ್ರೆ ಹತ್ಕೊಳ್ತಿಲ್ಲ ಅಂದ್ರೆ ಅದು ಪೆಟ್ರೋಲಿಂದೋ ಸ್ಪಾರ್ಕಿಂದೋ ಬೇರೆ ಕಥೆ, ಇಲ್ಲಿ ಬೇಡ. ಟಕಟಕಟಕ ಅಂತ ಬಡ್ಕೊಂಡು ಡ್ಯಾಶ್‌ಬೋರ್ಡ್ ಲೈಟ್ ಮಂಕಾದ್ರೆ ಬ್ಯಾಟರಿ ಇಲ್ಲಾ ಟರ್ಮಿನಲ್. ಲೈಟ್ ಜೋರಾಗೇ ಇದ್ದು ಸದ್ದೇ ಇಲ್ಲ ಅಂದ್ರೆ ಇಗ್ನಿಷನ್ ಸ್ವಿಚ್ಚಿಂದ ಸೆಲ್ಫಿಗೆ ಹೋಗೋ ಸಣ್ಣ ವೈರಿನ ಕಡೆ ನೋಡಿ. ಒಂದೇ ಒಂದು ಟಕ್ ಅಂದ್ರೆ ದಪ್ಪ ಕೇಬಲ್, ಅರ್ಥಿಂಗ್ (ಇಂಜಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ವಾಪಸ್ ಹೋಗೋ ದಾರಿ), ಇಲ್ಲಾ ಸೆಲ್ಫೇ.

ಬ್ಯಾಟರಿ ಬೇಗ ಮುಗಿಯೋ ಕೆಲ್ಸ. ರಾತ್ರಿಯೆಲ್ಲಾ ನಿಂತ ಗಾಡೀಲಿ 12.6 ವೋಲ್ಟ್ ಆಸುಪಾಸು ಬರ್ಬೇಕು, ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಇಳೀಬಾರ್ದು. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ನೆಗೆಟಿವ್ ಮೊದ್ಲು ಬಿಚ್ಚಿ, ಅಡುಗೆ ಸೋಡಾ ಹಾಕಿದ ಬಿಸಿ ನೀರಲ್ಲಿ ತೊಳೆದು, ಒರೆಸಿ ಒಣಗಿಸಿ ಬಿಗಿ ಮಾಡಿ. ಹಾಕೋವಾಗ ನೆಗೆಟಿವ್ ಕೊನೇಲಿ.

ಈಗ ಯಾರೂ ಮಾಡದ ಟೆಸ್ಟು, ನಂಗೆ ಕಳ್ಳ ಸಿಕ್ಕಿದ್ದೂ ಇಲ್ಲೇ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಸೀಸದ ಗೂಟದ ಮೇಲೇ ಇಡಿ, ಕ್ಲ್ಯಾಂಪ್ ಮೇಲಲ್ಲ. ಕೆಂಪು ಕಡ್ಡಿ ಇಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ. ಚಾವಿ ತಿರುಗಿಸಿ ಹಿಡಿಯೋಕೆ ಹೇಳಿ. 0.2 ವೋಲ್ಟ್ ಒಳಗಿದ್ರೆ ಅರ್ಥಿಂಗ್ ಸರಿ. ನಂಗೆ ಬಂದಿದ್ದು 4 ವೋಲ್ಟ್! ಗೇರ್‌ಬಾಕ್ಸಿಂದ ಕಾರಿನ ಬಾಡಿ ಕಡೆಗೆ ಬರೋ ಹೆಣೆದ ತಾಮ್ರದ ಪಟ್ಟಿ ಮೇಲೆ ನೋಡೋಕೆ ಚೆನ್ನಾಗೇ ಇತ್ತು, ಬೋಲ್ಟ್ ಬಿಚ್ಚಿ ಸ್ವಲ್ಪ ಎಳೆದ್ರೆ ತುದೀಲಿ ಹಸಿರು ಪುಡಿ ಉದುರಿ ಅರ್ಧ ಎಳೆ ಕೈಗೇ ಬಂತು. ಉಳಿದ ನಾಲ್ಕು ಎಳೆ ತಣ್ಣಗಿದ್ದಾಗ ಹೇಗೋ ಎಳೀತಿತ್ತು, ಬಿಸಿ ಏರಿದ್ರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಕೈ ಎತ್ತುತ್ತಿತ್ತು. ಮೀಟರ್ ಇಲ್ವಾ? ಜಂಪರ್ ಕೇಬಲ್ ಒಂದನ್ನ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ನಿಗೂ ಕಚ್ಚಿಸಿ ಸೆಲ್ಫ್ ಹೊಡೀರಿ, ತಿರುಗಿದ್ರೆ ಇದೇ ರೋಗ.

ಪಾಸಿಟಿವ್ ಕಡೆನೂ ಹೀಗೇ, ಬ್ಯಾಟರಿಯಿಂದ ಸೆಲ್ಫಿನ ದಪ್ಪ ಬೋಲ್ಟಿಗೆ 0.5 ವೋಲ್ಟ್ ಮೀರಬಾರ್ದು. ಸಣ್ಣ ವೈರಲ್ಲಿ ಚಾವಿ ಹಿಡಿದಾಗ ಹೆಚ್ಚುಕಮ್ಮಿ ಬ್ಯಾಟರಿಯಷ್ಟೇ ವೋಲ್ಟ್ ಸಿಗ್ಬೇಕು. ಏಳೋ ಎಂಟೋ ಬಂದ್ರೆ ಇಗ್ನಿಷನ್ ಸ್ವಿಚ್ಚಿನ ಪಾಯಿಂಟ್ ಸವೆದಿರ್ಬಹುದು, ಹಳೇ ಗಾಡಿಗಳಲ್ಲಿ ಎಲೆಕ್ಟ್ರಿಷಿಯನ್‌ಗಳು ಅಲ್ಲಿಗೊಂದು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಹರಿಸೋ ಸ್ವಿಚ್) ಹಾಕಿ ಸ್ವಿಚ್ಚಿನ ಭಾರ ಇಳಿಸ್ತಾರೆ.

ಇಷ್ಟೆಲ್ಲ ಸರಿಯಿದ್ದು, ಸ್ಪ್ಯಾನರ್ ಹಿಡಿಯಿಂದ ಸೆಲ್ಫಿಗೆ ಮೆಲ್ಲಗೆ ಒಂದು ತಟ್ಟಿದಾಗ ಮಾತ್ರ ತಿರುಗ್ತು ಅಂದ್ರೆ, ಆಗ ಬಿಚ್ಚಿಸಿ. ಬ್ರಷ್ ಇಲ್ಲಾ ಸೊಲೆನಾಯ್ಡ್ (ಸಣ್ಣ ವೈರಲ್ಲಿ ಕರೆಂಟ್ ಬಂದಾಗ ಸೆಲ್ಫಿಗೆ ದೊಡ್ಡ ಕರೆಂಟ್ ಬಿಡೋ ಭಾಗ) ಹೋಗಿರತ್ತೆ.